ಹಾಲುಹಲ್ಲಿನ ಹುಳುಕು: ಅಲಕ್ಷ್ಯ ಬೇಡ

‘ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತದೆ. ಅದಕ್ಕೇಕೆ ಡಾಕ್ಟರ ಹತ್ತಿರ ಓಡಬೇಕು?’ ಮಗುವಿನ ಹಲ್ಲು ಕಪ್ಪಾಗಿದೆ ಎಂದು ಯಾರಾದರೂ ತೋರಿಸಿದಾಗ ನಮ್ಮ ಕಡೆ ಸಾಮಾನ್ಯವಾಗಿ ಬರುವ ಉತ್ತರವಿದು. ನಿಮ್ಮ ಮನೆಯಲ್ಲೂ ಅಜ್ಜಿಯೋ ಅತ್ತೆಯೋ ಈ ಮಾತನ್ನು ಹೇಳಿರಬಹುದು. ಹಾಲುಹಲ್ಲು ಬೀಳುವುದು ನಿಜ. ಆದರೆ ಹಿಂದಿನ ಹಾಲುದವಡೆ ಹಲ್ಲುಗಳು ಬೀಳುವುದು ಮಗುವಿಗೆ ಹತ್ತು, ಹನ್ನೊಂದು ವರ್ಷ ತುಂಬಿದ ಮೇಲೆ. ನಾಲ್ಕನೇ ವರ್ಷದಲ್ಲಿ ಹುಳುಕು ಹಿಡಿದ ಹಲ್ಲನ್ನು ‘ಬಿದ್ದುಹೋಗುತ್ತದೆ’ ಎಂದು ಬಿಟ್ಟರೆ ಆ ಮಗು ಆರೇಳು ವರ್ಷ ಅದರೊಂದಿಗೇ ಉಣ್ಣಬೇಕು, ಮಲಗಬೇಕು, ಶಾಲೆಗೆ ಹೋಗಬೇಕು.

ದಂತಕ್ಷಯ ಎಷ್ಟು ವ್ಯಾಪಕವಾಗಿದೆ ಎಂಬುದಕ್ಕೆ ಲೆಕ್ಕವಿದೆ. ಭಾರತೀಯ ದಂತವೈದ್ಯ ಪರಿಷತ್ತು 2002–03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 5 ವರ್ಷದ ಮಕ್ಕಳಲ್ಲಿ ಶೇ 51.9, 12 ವರ್ಷದವರಲ್ಲಿ ಶೇ 53.8 ಹಾಗೂ 15 ವರ್ಷದವರಲ್ಲಿ ಶೇ 63.1 ಮಂದಿಗೆ ದಂತಕ್ಷಯ ಇರುವುದು ಕಂಡುಬಂದಿತು. ಅಂದರೆ ಅಂಗನವಾಡಿ ಬಿಟ್ಟು ಒಂದನೇ ತರಗತಿಗೆ ಬರುವ ವೇಳೆಗೆ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಹಲ್ಲು ಹುಳುಕಾಗಿರುತ್ತದೆ. ಇದು ನಮ್ಮ ದೇಶಕ್ಕಷ್ಟೇ ಸೀಮಿತವಲ್ಲ. ಹಾಲುಹಲ್ಲಿನ ಹುಳುಕು ಇರುವ ಮಕ್ಕಳ ಸಂಖ್ಯೆ ಜಗತ್ತಿನಲ್ಲಿ 51 ಕೋಟಿಗೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ತನ್ನ ವರದಿಯಲ್ಲಿ ಅಂದಾಜು ಮಾಡಿದೆ.

ಪೇಟೆಯ ರೋಗ ಹಳ್ಳಿಗೆ

ಒಂದು ಕಾಲದಲ್ಲಿ ಹುಳುಕು ಹಲ್ಲು ಪೇಟೆಯ ಮಕ್ಕಳ ಕಾಯಿಲೆ ಎನಿಸಿತ್ತು. ಬೆಂಗಳೂರು ಗ್ರಾಮಾಂತರದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಈಗ ಪೇಟೆ ಯಾವುದು, ಹಳ್ಳಿ ಯಾವುದು ಎಂದು ಗೆರೆ ಎಳೆಯುವುದು ಕಷ್ಟ. ದೊಡ್ಡಬಳ್ಳಾಪುರದ ಮಗ್ಗಗಳ ಜೊತೆಗೆ ಸಿದ್ಧ ಉಡುಪಿನ ಕಾರ್ಖಾನೆಗಳು ಬಂದವು. 2008ರಲ್ಲಿ ದೇವನಹಳ್ಳಿಯ ಪಕ್ಕದಲ್ಲೇ ವಿಮಾನ ನಿಲ್ದಾಣ ಬಂತು. ಹೊಸಕೋಟೆ, ನೆಲಮಂಗಲಗಳ ಹೆದ್ದಾರಿಗಳ ಇಕ್ಕೆಲಗಳಲ್ಲಿ ಕಾರ್ಖಾನೆ, ಗೋದಾಮುಗಳು ಎದ್ದವು. ಬೆಳಗ್ಗೆಯೇ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೊರಡುವ ತಾಯಂದಿರ ಸಂಖ್ಯೆ ಹೆಚ್ಚಿತು.

ಮನೆಯಲ್ಲಿ ಉಳಿದ ಅಜ್ಜಿ, ಅಳುವ ಮೊಮ್ಮಗುವಿನ ಕೈಗೆ ಐದು ರೂಪಾಯಿ ಕೊಟ್ಟು ಅಂಗಡಿಗೆ ಕಳಿಸುತ್ತಾರೆ. ಹಳ್ಳಿಯ ಪೆಟ್ಟಿಗೆ ಅಂಗಡಿಯ ಮುಂದೆ ಮಾಲೆಯಂತೆ ತೂಗುವ ಪೊಟ್ಟಣಗಳನ್ನು ನೀವೂ ನೋಡಿದ್ದೀರಿ. ಕ್ರೀಮ್ ಬಿಸ್ಕತ್ತು, ಚಾಕೊಲೇಟು, ಜೆಲ್ಲಿ, ಬಣ್ಣದ ತಂಪು ಪಾನೀಯ, ಕುರುಕಲು ತಿಂಡಿ. ಸಂಜೆ ತಂದೆ ಮನೆಗೆ ಬರುವಾಗ ಬೇಕರಿಯ ಬನ್ನು, ಕೇಕು ಕೈಯಲ್ಲಿರುತ್ತದೆ. ಅಜ್ಜಿಯದಾಗಲಿ ತಂದೆಯದಾಗಲಿ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಈ ಪ್ರೀತಿಯ ಬೆಲೆಯನ್ನು ಮಗುವಿನ ಹಲ್ಲು ತೆರುತ್ತಿದೆ.

ಹುಳುಕಿನಲ್ಲಿ ಹುಳವಿಲ್ಲ

‘ಹುಳುಕು’ ಎಂಬ ಮಾತಿನಲ್ಲೇ ಹುಳ ಇದೆ. ಹಲ್ಲನ್ನು ಹುಳ ತಿನ್ನುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ಪ್ರಪಂಚದ ಎಲ್ಲೆಡೆ ಇತ್ತು. ಗುಳ್ಳದ ಜಾತಿಯ ಗಿಡದ ಬೀಜವನ್ನು ಕೆಂಡಕ್ಕೆ ಹಾಕಿ, ಹೊಗೆಯನ್ನು ಬಾಯಿಗೆ ಹಿಡಿಸಿ, ‘ನೋಡಿ, ಹುಳ ಬಿತ್ತು’ ಎಂದು ತೋರಿಸುವವರು ಹಳ್ಳಿಗಳಲ್ಲಿ ಇದ್ದರು. ಹಾಗೆ ಬೀಳುವ ಬಿಳಿ ಎಳೆಗಳು ಬಿಸಿಗೆ ಸಿಡಿದ ಬೀಜದೊಳಗಿನ ಮೊಳಕೆಗಳು! ಫ್ರಾನ್ಸಿನ ದಂತವೈದ್ಯ ಪಿಯರ್ ಫೋಷಾರ್ 1728ರಲ್ಲೇ ಹಲ್ಲಿನಲ್ಲಿ ಹುಳ ತನಗೆಂದೂ ಕಾಣಲಿಲ್ಲ ಎಂದು ಬರೆದ. ನಿಜವಾದ ಕಾರಣವನ್ನು 1890ರಲ್ಲಿ ವಿವರಿಸಿದವನು ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ವಿಲ್ಲೋಬಿ ಮಿಲ್ಲರ್.

ನಡೆಯುವುದು ಇಷ್ಟು. ನಮ್ಮೆಲ್ಲರ ಬಾಯಿಯಲ್ಲಿ ಬ್ಯಾಕ್ಟೀರಿಯಾಗಳಿವೆ. ಅವು ಹಲ್ಲಿನ ಮೇಲೆ ಅಂಟಂಟಾದ ತೆಳು ಪಾಚಿಯಂತೆ ಕೂರುತ್ತವೆ. ನಾವು ತಿಂದ ಸಕ್ಕರೆ, ಹಿಟ್ಟಿನ ಅಂಶ ಅವಕ್ಕೂ ಆಹಾರ. ಅದನ್ನು ತಿಂದು ಅವು ಆಮ್ಲವನ್ನು ಬಿಡುತ್ತವೆ. ಆಮ್ಲ ಹಲ್ಲಿನ ಹೊರಕವಚವಾದ ಎನಾಮಲ್‌ನಿಂದ ಸುಣ್ಣದ ಅಂಶವನ್ನು ಕರಗಿಸುತ್ತದೆ. ಏನಾದರೂ ತಿಂದ ಮೇಲೆ ಸುಮಾರು ಅರ್ಧ ಗಂಟೆ ಈ ಕರಗುವಿಕೆ ನಡೆಯುತ್ತದೆ. ಆಮೇಲೆ ಜೊಲ್ಲು ಆಮ್ಲವನ್ನು ತೊಳೆದು, ಕಳೆದುಹೋದ ಸುಣ್ಣದ ಅಂಶವನ್ನು ಮರಳಿ ತುಂಬಲು ತೊಡಗುತ್ತದೆ. ಹಲ್ಲಿನ ಮೇಲೆ ದಿನವಿಡೀ ಹೀಗೆ ಕರಗುವುದು, ತುಂಬುವುದು ನಡೆದೇ ಇರುತ್ತದೆ. ಕರಗುವುದೇ ಹೆಚ್ಚಾದರೆ ಹಲ್ಲು ತೂತಾಗುತ್ತದೆ.

ಆದ್ದರಿಂದ ಎಷ್ಟು ಸಿಹಿ ತಿಂದಿರಿ ಎಂಬುದಕ್ಕಿಂತ ಎಷ್ಟು ಸಲ ತಿಂದಿರಿ ಎಂಬುದು ಮುಖ್ಯ. ಹಬ್ಬದ ದಿನ ಊಟದ ಜೊತೆ ಎರಡು ಹೋಳಿಗೆ ತಿಂದ ಮಗುವಿನ ಹಲ್ಲಿಗೆ ಆಮ್ಲದ ಹೊಡೆತ ಒಂದೇ ಸಲ. ಒಂದು ಚಿಕ್ಕ ಬಿಸ್ಕತ್ತು ಪೊಟ್ಟಣವನ್ನು ಬೆಳಗ್ಗೆಯಿಂದ ಸಂಜೆಯವರೆಗೆ ಒಂದೊಂದಾಗಿ ತಿನ್ನುವ ಮಗುವಿನ ಹಲ್ಲಿಗೆ ಆರೇಳು ಸಲ. ಜೊಲ್ಲಿಗೆ ರಿಪೇರಿ ಮಾಡಲು ಬಿಡುವೇ ಸಿಗುವುದಿಲ್ಲ. ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1945ರಿಂದ ನಡೆದು 1954ರಲ್ಲಿ ಪ್ರಕಟವಾದ ಪ್ರಯೋಗ ಇದನ್ನೇ ತೋರಿಸಿತು. ಊಟದ ಜೊತೆ ಸಕ್ಕರೆ ತಿಂದವರಿಗಿಂತ ಊಟದ ನಡುವಿನ ಹೊತ್ತಿನಲ್ಲಿ ಅಂಟು ಮಿಠಾಯಿ ತಿಂದವರ ಹಲ್ಲುಗಳು ಬಹುಬೇಗ ಹಾಳಾದವು. ಅದನ್ನು ನಡೆಸಿದ್ದು ಒಪ್ಪಿಗೆ ಕೊಡಲಾಗದ ಬುದ್ಧಿಮಾಂದ್ಯ ರೋಗಿಗಳ ಮೇಲೆ. ಅವರ ಹಲ್ಲುಗಳ ಬೆಲೆಯಲ್ಲಿ ಜಗತ್ತು ಕಲಿತ ಪಾಠವಿದು. ಇಂಥ ಪ್ರಯೋಗ ಇಂದು ನಡೆಯಲು ಸಾಧ್ಯವಿಲ್ಲ.

ಬೆಲ್ಲವಾದರೆ ತೊಂದರೆಯಿಲ್ಲ, ಜೇನುತುಪ್ಪವಾದರೆ ಒಳ್ಳೆಯದು ಎಂದು ಹಲವರು ತಿಳಿದಿದ್ದಾರೆ. ಬ್ಯಾಕ್ಟೀರಿಯಾಗಳು ಆ ಭೇದ ಮಾಡುವುದಿಲ್ಲ. ಚಹಾದಲ್ಲಿ ಅದ್ದಿದ ಬನ್ನು, ಹಲ್ಲಿನ ಸಂದಿಗೆ ಮೆತ್ತಿಕೊಳ್ಳುವ ಆಲೂಗಡ್ಡೆ ಚಿಪ್ಸು ಸಹ ಹಲ್ಲಿಗೆ ಹಿತವಲ್ಲ. ಕೆಮ್ಮು, ಜ್ವರದ ಸಿರಪ್ಪುಗಳಲ್ಲೂ ಸಕ್ಕರೆ ಇರುತ್ತದೆ. ರಾತ್ರಿ ಔಷಧಿ ಕುಡಿಸಿದ ಮೇಲೆ ಎರಡು ಗುಟುಕು ನೀರು ಕುಡಿಸಿ ಮಲಗಿಸಿ.

ಹಾಲಿನ ಬಾಟಲಿಯ ಅಪಾಯ

ಒಂದೂವರೆ, ಎರಡು ವರ್ಷದ ಮಗುವಿನ ಮೇಲಿನ ಮುಂದಿನ ನಾಲ್ಕು ಹಲ್ಲುಗಳು ಕಂದಾಗಿ, ಸವೆದು, ಬುಡ ಮಾತ್ರ ಉಳಿದಿರುವುದನ್ನು ನೀವು ನೋಡಿರಬಹುದು. ಕೆಳಗಿನ ಹಲ್ಲುಗಳು ಮಾತ್ರ ಚೆನ್ನಾಗಿರುತ್ತವೆ. ಇದಕ್ಕೆ ಕಾರಣ ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಗು ನಿದ್ದೆಹೋಗುವುದು. ನಿದ್ದೆಯಲ್ಲಿ ಜೊಲ್ಲು ಸ್ರವಿಸುವುದು ಬಹಳ ಕಡಿಮೆ. ಹಾಲು ಮೇಲಿನ ಹಲ್ಲುಗಳ ಸುತ್ತ ರಾತ್ರಿಯಿಡೀ ನಿಂತಿರುತ್ತದೆ. ಕೆಳಗಿನ ಹಲ್ಲುಗಳನ್ನು ನಾಲಿಗೆ ಮುಚ್ಚಿ ಕಾಪಾಡುತ್ತದೆ.

ಎದೆಹಾಲು ಕುಡಿಸುವ ತಾಯಂದಿರು ಇದನ್ನು ಓದಿ ಹೆದರಬೇಕಿಲ್ಲ, ಎದೆಹಾಲನ್ನು ನಿಲ್ಲಿಸಲೂ ಬೇಡಿ. ಹಲ್ಲು ಮೂಡಿದ ಮೇಲೆ ದಿನಕ್ಕೆ ಎರಡು ಸಲ ಹಲ್ಲು ಶುಚಿಮಾಡಿದರೆ ಸಾಕು. ಬಾಟಲಿ ಬಿಡಿಸಲು ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಲೋಟದಲ್ಲಿ ಕುಡಿಯುವುದನ್ನು ರೂಢಿಸಿ. ಹಾಲಿಗೆ ಸಕ್ಕರೆ ಹಾಕುವ ಅಭ್ಯಾಸವನ್ನೇ ಮಾಡಬೇಡಿ. ಸಕ್ಕರೆಯ ರುಚಿ ಕಾಣದ ಮಗು ಸಪ್ಪೆ ಹಾಲನ್ನು ಸಂತೋಷದಿಂದಲೇ ಕುಡಿಯುತ್ತದೆ.

ನೋವು ಅಡಗಿ ಕೂರುತ್ತದೆ

ಹಾಲುಹಲ್ಲಿನ ಎನಾಮಲ್ ತೆಳು. ಅದರಲ್ಲಿ ಹುಳುಕು ಶಾಶ್ವತ ಹಲ್ಲಿಗಿಂತ ವೇಗವಾಗಿ ಒಳಗಿನ ನರಕ್ಕೆ ತಲುಪುತ್ತದೆ. ಹಲ್ಲಿನ ಬುಡದಲ್ಲಿ ಕೀವು ತುಂಬಿದರೆ, ಅದರ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೊಗ್ಗಿಗೂ ಹಾನಿಯಾಗಬಹುದು. ಹಾಲುದವಡೆ ಹಲ್ಲನ್ನು ಅವಧಿಗೆ ಮುನ್ನ ಕೀಳಿಸಿದರೆ ಅಕ್ಕಪಕ್ಕದ ಹಲ್ಲುಗಳು ಆ ಜಾಗಕ್ಕೆ ಸರಿಯುತ್ತವೆ. ಕೆಳಗಿನಿಂದ ಬರುವ ಹಲ್ಲಿಗೆ ಸ್ಥಳವಿಲ್ಲದೆ ಅದು ವಕ್ರವಾಗಿ ಮೂಡುತ್ತದೆ.

ಇಷ್ಟಾದರೂ ಎಷ್ಟೋ ಮಕ್ಕಳು ನೋವೆಂದು ಹೇಳುವುದಿಲ್ಲ. ನಮ್ಮದು ರಾಗಿಮುದ್ದೆಯ ಸೀಮೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅನ್ನ ಸಾರನ್ನೂ ಹೆಚ್ಚು ಅಗಿಯದೆ ಉಣ್ಣಬಹುದು. ಹಾಗಾಗಿ ಹಲ್ಲುನೋವಿರುವ ಮಗು ಊಟ ಬಿಡದೆಯೂ ದಿನ ದೂಡಬಲ್ಲದು, ತಾಯಿಗೆ ಸುಳಿವೇ ಸಿಗದಿರಬಹುದು. ಕೆಲವು ಸೂಚನೆಗಳನ್ನು ಗಮನಿಸಿ. ಮಗು ಒಂದೇ ಕಡೆ ಅಗಿಯುತ್ತದೆಯೇ? ಮೊದಲು ಇಷ್ಟಪಡುತ್ತಿದ್ದ ಸೀಬೆಹಣ್ಣು, ಕಬ್ಬು, ರೊಟ್ಟಿ ಬೇಡವೆನ್ನುತ್ತದೆಯೇ? ಊಟ ಮುಗಿಸಲು ಬಹಳ ಹೊತ್ತು ಹಿಡಿಯುತ್ತದೆಯೇ? ರಾತ್ರಿ ಕೆನ್ನೆ ಹಿಡಿದು ಏಳುತ್ತದೆಯೇ? ತಣ್ಣೀರು ಕುಡಿದೊಡನೆ ಮುಖ ಕಿವುಚುತ್ತದೆಯೇ? ಇವುಗಳಲ್ಲಿ ಒಂದಕ್ಕಾದರೂ ಉತ್ತರ ಹೌದೆಂದಾದರೆ ಬೆಳಕಿನಲ್ಲಿ ಕೂರಿಸಿ ಬಾಯಿ ತೆರೆಸಿ ನೋಡಿ.

ತೂತು ಬೀಳುವ ಮೊದಲೇ ಹುಳುಕು ತನ್ನ ಗುರುತು ತೋರುತ್ತದೆ. ವಸಡಿನ ಅಂಚಿನಲ್ಲಿ ಸೀಮೆಸುಣ್ಣದಂತೆ ಮಂಕಾದ ಬಿಳಿ ಗೆರೆ ಕಾಣುತ್ತದೆ. ಈ ಹಂತದಲ್ಲಿ ಸಿಹಿ ಕಡಿಮೆ ಮಾಡಿ, ಸರಿಯಾಗಿ ಹಲ್ಲುಜ್ಜಿದರೆ ಹಲ್ಲು ಮತ್ತೆ ಗಟ್ಟಿಯಾಗಬಲ್ಲದು. ತೂತು ಬಿದ್ದ ಮೇಲೆ ಅದು ತಾನಾಗಿ ಮುಚ್ಚುವುದಿಲ್ಲ.

ಆರನೇ ವರ್ಷದ ಹಲ್ಲು

ಈ ಲೇಖನದಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ. ಮಗುವಿಗೆ ಸುಮಾರು ಆರು ವರ್ಷವಾದಾಗ, ಹಾಲುದವಡೆ ಹಲ್ಲುಗಳ ಹಿಂದೆ, ಮೇಲೆ ಎರಡು ಕೆಳಗೆ ಎರಡು ದೊಡ್ಡ ದವಡೆ ಹಲ್ಲುಗಳು ಮೂಡುತ್ತವೆ. ಇವು ಮೂಡಲು ಯಾವ ಹಲ್ಲೂ ಬೀಳಬೇಕಿಲ್ಲ. ಆದ್ದರಿಂದ ಇವನ್ನೂ ಹಾಲುಹಲ್ಲೆಂದೇ ಮನೆಯವರು ತಿಳಿಯುತ್ತಾರೆ. ವಾಸ್ತವವಾಗಿ ಇವು ಶಾಶ್ವತ ಹಲ್ಲುಗಳು. ಹೋದರೆ ಮತ್ತೆ ಬರುವುದಿಲ್ಲ. ಅಗಿಯುವ ಕೆಲಸದ ದೊಡ್ಡ ಪಾಲು ಜೀವನಪೂರ್ತಿ ಇವುಗಳದ್ದೇ.

ಇವುಗಳ ಮೇಲ್ಭಾಗದಲ್ಲಿ ಆಳವಾದ ಗೀರುಗಳಿರುತ್ತವೆ. ಬ್ರಷ್ಷಿನ ಎಳೆ ಅಲ್ಲಿಗೆ ಇಳಿಯದು. ಮೂಡಿದ ಒಂದೆರಡು ವರ್ಷಗಳಲ್ಲೇ ಹುಳುಕು ಹಿಡಿಯುವುದು ಈ ಗೀರುಗಳಲ್ಲಿ. ದಂತವೈದ್ಯರು ಅವುಗಳ ಮೇಲೆ ‘ಸೀಲೆಂಟ್’ ಎಂಬ ಲೇಪ ಹಚ್ಚಿ ಮುಚ್ಚಬಲ್ಲರು. ನೋವಿಲ್ಲ, ಚುಚ್ಚುಮದ್ದಿಲ್ಲ, ಕೊರೆಯುವುದೂ ಇಲ್ಲ. ಮಗು ಒಂದನೇ ಅಥವಾ ಎರಡನೇ ತರಗತಿಯಲ್ಲಿದ್ದಾಗ ಒಮ್ಮೆ ದಂತವೈದ್ಯರಿಗೆ ತೋರಿಸಿ ಎನ್ನುವುದು ಇದಕ್ಕಾಗಿಯೇ.

ಬೋರ್‌ವೆಲ್ ನೀರು ಮತ್ತು ಕಲೆ

ನಮ್ಮ ನೆರೆಯ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಂತೆ ಇಲ್ಲಿಯೂ ಕೆಲವೆಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿರುವ ನೀರನ್ನು ಹಲ್ಲು ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಕುಡಿದರೆ ಶಾಶ್ವತ ಹಲ್ಲುಗಳ ಮೇಲೆ ಬಿಳಿ ಮಚ್ಚೆ, ಹಳದಿ ಅಥವಾ ಕಂದು ಗೆರೆಗಳು ಮೂಡುತ್ತವೆ. ಇದು ಹುಳುಕಲ್ಲ, ಉಜ್ಜಿದರೆ ಹೋಗುವ ಕೊಳೆಯೂ ಅಲ್ಲ. ಇಂಥ ಕಲೆ ನಿಮ್ಮ ಊರಿನ ಹಲವು ಮಕ್ಕಳಲ್ಲಿ ಕಂಡರೆ ನೀರನ್ನು ಪರೀಕ್ಷೆಗೆ ಕಳಿಸುವಂತೆ ಗ್ರಾಮ ಪಂಚಾಯಿತಿಯನ್ನು ಒತ್ತಾಯಿಸಿ.

ಈಗ ಅನೇಕ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಈ ಯಂತ್ರಗಳು ಫ್ಲೋರೈಡನ್ನೂ ಬಹುಪಾಲು ತೆಗೆದುಬಿಡುತ್ತವೆ. ಕಲೆಯ ಭಯ ಇದರಿಂದ ತಪ್ಪುತ್ತದೆ. ಆದರೆ ಹುಳುಕು ತಡೆಯಲು ಹಲ್ಲಿನ ಮೇಲ್ಮೈಗೆ ಅಲ್ಪ ಪ್ರಮಾಣದ ಫ್ಲೋರೈಡ್ ಬೇಕು. ಅದನ್ನು ಪೇಸ್ಟಿನಿಂದ ಪಡೆಯಬೇಕು.

ಹಲ್ಲುಜ್ಜುವ ಬಗೆ

ಬೇವಿನ ಕಡ್ಡಿ, ಹೊಂಗೆ ಕಡ್ಡಿ, ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ, ನಂಜನಗೂಡು ಹಲ್ಲುಪುಡಿ ಹೀಗೆ ನಮ್ಮ ಹಿರಿಯರು ಬಳಸಿದ ಸಾಧನಗಳು ಹಲವು. ಬೇವಿನ ಕಡ್ಡಿಯನ್ನು ಚೆನ್ನಾಗಿ ಅಗಿದು ತಿಕ್ಕಿದರೆ ದೊಡ್ಡವರ ಹಲ್ಲು ಶುಚಿಯಾಗುತ್ತದೆ. ಆದರೆ ಪುಟ್ಟ ಮಗುವಿನ ಹಿಂದಿನ ದವಡೆಗೆ ಅದು ತಲುಪದು. ಇದ್ದಿಲು, ಇಟ್ಟಿಗೆ ಪುಡಿಗಳು ಎನಾಮಲನ್ನು ಸವೆಸುತ್ತವೆ. ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿಯನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ. ನೋವಿರುವ ಹಲ್ಲಿಗೆ ಕಡ್ಡಿಪುಡಿ ಒತ್ತುವ ಅಭ್ಯಾಸವಿದ್ದರೆ ಅದನ್ನು ಮಕ್ಕಳ ಹತ್ತಿರವೂ ತರಬೇಡಿ.

ಮೊದಲ ಹಲ್ಲು ಮೂಡಿದ ದಿನದಿಂದಲೇ ಮೃದುವಾದ ಚಿಕ್ಕ ಬ್ರಷ್ಷು ಬಳಸಿ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಪೇಸ್ಟು ಸಾಕು. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ಷಿನ ಉದ್ದಕ್ಕೂ ಹಾಕಬೇಡಿ. ಪೇಸ್ಟಿನ ಟ್ಯೂಬಿನ ಮೇಲೆ ಫ್ಲೋರೈಡ್ 1000 ಪಿಪಿಎಂ ಎಂದಿದೆಯೇ ನೋಡಿಕೊಳ್ಳಿ. ಗಿಡಮೂಲಿಕೆಯ ಹೆಸರಿನ ಹಲವು ಪೇಸ್ಟುಗಳಲ್ಲಿ ಫ್ಲೋರೈಡ್ ಇರುವುದಿಲ್ಲ. ಉಜ್ಜಿದ ಮೇಲೆ ಮಗು ನೊರೆಯನ್ನು ಉಗುಳಲಿ, ನುಂಗದಿರಲಿ. ಬಾಯಿ ತುಂಬ ನೀರು ಹಾಕಿ ಪದೇ ಪದೇ ಮುಕ್ಕಳಿಸಿದರೆ ಪೇಸ್ಟಿನ ಗುಣವೂ ನೀರಿನೊಂದಿಗೆ ಹೋಗುತ್ತದೆ.

ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಸರಿಯಾಗಿ ಉಜ್ಜುವ ಹದ ಬಂದಿರುವುದಿಲ್ಲ. ಅದು ಉಜ್ಜಿದ ಮೇಲೆ ನೀವು ಒಮ್ಮೆ ಉಜ್ಜಿ. ಬೆಳಗ್ಗೆ ಕೆಲಸದ ಅವಸರವಿದ್ದರೆ ರಾತ್ರಿಯದನ್ನಂತೂ ತಪ್ಪಿಸಬೇಡಿ. ಎರಡರಲ್ಲಿ ಹೆಚ್ಚು ಮುಖ್ಯವಾದದ್ದು ರಾತ್ರಿಯ ಉಜ್ಜುವಿಕೆಯೇ.

ತಿಂಡಿಯ ವಿಚಾರಕ್ಕೆ ಬಂದರೆ, ನಮ್ಮ ನೆಲದಲ್ಲಿ ಏನು ಕಡಿಮೆಯಿದೆ? ಬೇಯಿಸಿದ ಕಡಲೆಕಾಯಿ, ಕಾಳಿನ ಉಸಲಿ, ಸೌತೆಕಾಯಿ, ಸೀಬೆಹಣ್ಣು, ದೇವನಹಳ್ಳಿಯ ಚಕ್ಕೋತ, ಮಜ್ಜಿಗೆ ಎಲ್ಲವೂ ಆಗುತ್ತದೆ. ತೀರ ಚಿಕ್ಕ ಮಕ್ಕಳಿಗೆ ಇಡೀ ಕಡಲೆಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕೀತು. ಸಿಹಿಯನ್ನು ಪೂರ್ತಿ ನಿಷೇಧಿಸಿದರೆ ಮಗು ಕದ್ದು ತಿನ್ನುತ್ತದೆ. ಕೊಡುವುದಿದ್ದರೆ ಊಟದ ಜೊತೆಗೇ ಕೊಡಿ.

ಚಿಕಿತ್ಸೆ ಎಲ್ಲಿ?

ಹಲ್ಲು ಹಾಳಾದರೆ ಕೀಳಿಸುವುದೊಂದೇ ದಾರಿಯಲ್ಲ. ಜನ ‘ಸಿಮೆಂಟ್ ಹಾಕಿಸುವುದು’ ಎನ್ನುವ ತುಂಬುವ ಚಿಕಿತ್ಸೆ ಹಾಲುಹಲ್ಲಿಗೂ ಆಗುತ್ತದೆ. ಯಂತ್ರದಿಂದ ಕೊರೆಯದೆ, ಕೈ ಉಪಕರಣದಿಂದಲೇ ಹುಳುಕನ್ನು ತೆಗೆದು ತುಂಬುವ ವಿಧಾನವೊಂದು 1980ರ ದಶಕದಲ್ಲಿ ಆಫ್ರಿಕದ ತಾಂಜಾನಿಯಾದಲ್ಲಿ ರೂಪುಗೊಂಡಿತು. ವಿದ್ಯುತ್ತಿಲ್ಲದ ಊರಿನಲ್ಲೂ ಇದನ್ನು ಮಾಡಬಹುದು. ಬೆಳ್ಳಿಯ ಅಂಶವುಳ್ಳ ಫ್ಲೋರೈಡ್ ದ್ರಾವಣವನ್ನು ಹಚ್ಚಿ ಹುಳುಕು ಮುಂದುವರಿಯದಂತೆ ತಡೆಯುವ ಔಷಧಿಯೂ ಇದೆ. ಹಚ್ಚಿದ ಜಾಗ ಕಪ್ಪಾಗುತ್ತದೆ ಎಂಬುದೊಂದೇ ಅದರ ಕುಂದು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫ್ಲೋರೈಡ್ ಪೇಸ್ಟು, ಈ ದ್ರಾವಣ ಹಾಗೂ ಹಲ್ಲು ತುಂಬುವ ಒಂದು ಬಗೆಯ ಸಿಮೆಂಟನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಹಲ್ಲಿನ ತೊಂದರೆಯೂ ಅದರ ತಪಾಸಣೆಯ ಪಟ್ಟಿಯಲ್ಲಿದೆ. ತಂಡ ಕೊಟ್ಟ ಚೀಟಿಯನ್ನು ಗೂಡಿನಲ್ಲಿಟ್ಟು ಮರೆಯಬೇಡಿ. ಮಗುವನ್ನು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಕರೆದೊಯ್ಯಿರಿ. ಅಲ್ಲಿ ಆಗದಿದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ 1958ರಿಂದಲೂ ಸರ್ಕಾರಿ ದಂತ ಕಾಲೇಜು ಇದೆ. ದಂತ ಕಾಲೇಜುಗಳಲ್ಲಿ ಮಕ್ಕಳ ದಂತ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇರುತ್ತದೆ.

ದೇಶದಲ್ಲಿ 300ಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ಹೀಗಿದ್ದೂ ಅವುಗಳಿಂದ ಹೊರಬರುವ ವೈದ್ಯರು ನಗರಗಳಲ್ಲೇ ನೆಲೆಸುತ್ತಾರೆ. ನಮ್ಮ ರಾಜ್ಯ ಸರ್ಕಾರ ಬಡ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡುವ ದಂತಭಾಗ್ಯ ಯೋಜನೆಯನ್ನು ತಂದಿತು. ಒಳ್ಳೆಯ ಕೆಲಸವೇ. ಆದರೆ ಅಷ್ಟೇ ಆಸ್ಥೆಯಿಂದ ಆರು ವರ್ಷದ ಮಗುವಿನ ದವಡೆ ಹಲ್ಲನ್ನು ಉಳಿಸಿದರೆ ಮುಂದೆ ಸೆಟ್ಟಿನ ಅಗತ್ಯವೇ ಕಡಿಮೆಯಾದೀತು. 2025ರ ಸೆಪ್ಟೆಂಬರ್ 22ರಿಂದ ಟೂತ್‌ಪೇಸ್ಟ್, ಬ್ರಷ್ಷುಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಅದೇ ದಿನ ಬಿಸ್ಕತ್ತು, ಚಾಕೊಲೇಟುಗಳ ತೆರಿಗೆಯೂ ಶೇ 5ಕ್ಕೇ ಇಳಿಯಿತು! ಯಾವುದನ್ನು ಕೊಳ್ಳಬೇಕೆಂಬ ವಿವೇಕ ನಿಮಗೇ ಬಿಟ್ಟದ್ದು.

ಶಾಲೆ ಮಾಡಬಹುದಾದದ್ದು

ಸ್ಕಾಟ್ಲೆಂಡಿನಲ್ಲಿ ಶಿಶುವಿಹಾರದ ಮಕ್ಕಳಿಗೆ ಪ್ರತಿದಿನ ಶಿಕ್ಷಕಿಯರ ಎದುರಿನಲ್ಲೇ ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿಸುವ ‘ಚೈಲ್ಡ್‌ಸ್ಮೈಲ್’ ಎಂಬ ಕಾರ್ಯಕ್ರಮವಿದೆ. ಅಲ್ಲಿ 2003ರಲ್ಲಿ ಶಾಲೆ ಸೇರುವ ಮಕ್ಕಳಲ್ಲಿ ಶೇ 45ರಷ್ಟು ಮಂದಿಗೆ ಮಾತ್ರ ಕಣ್ಣಿಗೆ ಕಾಣುವ ಹುಳುಕು ಇರಲಿಲ್ಲ. 2022ರ ವೇಳೆಗೆ ಆ ಪ್ರಮಾಣ ಶೇ 73ಕ್ಕೆ ಏರಿತು. ಇದಕ್ಕೆ ದೊಡ್ಡ ಆಸ್ಪತ್ರೆ ಬೇಕಾಗಲಿಲ್ಲ. ಒಂದು ಬ್ರಷ್ಷು, ಒಂದಿಷ್ಟು ಪೇಸ್ಟು, ದಿನಕ್ಕೆ ಐದು ನಿಮಿಷ ಸಾಕಾಯಿತು.

ನಮ್ಮ ಅಂಗನವಾಡಿಗಳಲ್ಲಿ ಇದು ಅಸಾಧ್ಯವೇನಲ್ಲ. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಕುಡಿದ ಮೇಲೆ, ಬಿಸಿಯೂಟ ಮುಗಿಸಿ ತಟ್ಟೆ ತೊಳೆಯುವಾಗ, ಮಕ್ಕಳು ಸಾಲಾಗಿ ನಿಂತು ಬಾಯಿ ಮುಕ್ಕಳಿಸುವುದನ್ನು ರೂಢಿ ಮಾಡಿಸಬಹುದು. ಹುಟ್ಟುಹಬ್ಬಕ್ಕೆ ತರಗತಿಗೆಲ್ಲ ಚಾಕೊಲೇಟು ಹಂಚುವ ಬದಲು ಬಾಳೆಹಣ್ಣನ್ನೋ ಪೆನ್ಸಿಲನ್ನೋ ಹಂಚುವಂತೆ ಶಾಲಾಭಿವೃದ್ಧಿ ಸಮಿತಿ ತೀರ್ಮಾನಿಸಬಹುದು. ನೀವು ಆ ಸಮಿತಿಯಲ್ಲಿದ್ದರೆ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ.

ತಡಮಾಡದೆ ವೈದ್ಯರಲ್ಲಿಗೆ

ಈ ಲಕ್ಷಣಗಳು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ:

• ಕೆನ್ನೆ ಅಥವಾ ಕಣ್ಣಿನ ಕೆಳಗೆ ಊತ, ಜೊತೆಗೆ ಜ್ವರ.

• ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟ. ಇದಕ್ಕೆ ಹಗಲು ರಾತ್ರಿ ನೋಡದೆ ಆಸ್ಪತ್ರೆಗೆ ಹೋಗಿ.

• ವಸಡಿನ ಮೇಲೆ ಕೀವಿನ ಗುಳ್ಳೆ. ಅದು ಒಡೆದು ನೋವು ನಿಂತರೂ ಸೋಂಕು ಹೋಗಿರುವುದಿಲ್ಲ.

• ಬಿದ್ದು ಪೆಟ್ಟಾಗಿ ಶಾಶ್ವತ ಹಲ್ಲು ಬುಡಸಮೇತ ಬಂದರೆ, ಬೇರನ್ನು ಮುಟ್ಟದೆ, ಉಜ್ಜದೆ, ಹಾಲಿನಲ್ಲಿ ಹಾಕಿಕೊಂಡು ಕೂಡಲೇ ದಂತವೈದ್ಯರಲ್ಲಿಗೆ ಓಡಿ. ಒಂದು ಗಂಟೆಯೊಳಗಾದರೆ ಅದನ್ನು ಮತ್ತೆ ಕೂರಿಸುವ ಸಾಧ್ಯತೆ ಹೆಚ್ಚು.

ನೋವಿರುವ ಹಲ್ಲಿನ ಪಕ್ಕ ಆಸ್ಪಿರಿನ್ ಮಾತ್ರೆ ಒತ್ತಿಡಬೇಡಿ, ವಸಡು ಸುಡುತ್ತದೆ. ಹಿಂದಿನ ಸಲ ಉಳಿದ ಆಂಟಿಬಯೋಟಿಕ್ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ.

ಇಂದು ರಾತ್ರಿ ಊಟವಾದ ಮೇಲೆ ನಿಮ್ಮ ಮಗುವನ್ನು ದೀಪದ ಕೆಳಗೆ ಮಡಿಲಲ್ಲಿ ಮಲಗಿಸಿಕೊಂಡು ಬಾಯಿ ತೆರೆಸಿ, ಹಿಂದಿನ ಹಲ್ಲುಗಳವರೆಗೆ ಒಮ್ಮೆ ನೋಡಿ. ಬಿಳಿ ಗೆರೆಯೋ ಕಪ್ಪು ಚುಕ್ಕೆಯೋ ಕಂಡರೆ ನೋವು ಬರುವವರೆಗೆ ಕಾಯದೆ ಈ ವಾರವೇ ದಂತವೈದ್ಯರಿಗೆ ತೋರಿಸಿ.